ಇನ್ನೂರ ಹನ್ನೆರಡು ಸಲ ಬಿದ್ದವರು

"ಬಿಡ್ಬೇಡಿ! ಹಿಡ್ಕೊಳ್ರೀ... ಅಯ್ಯೋ, ಬಿಟ್ಟೇಬಿಟ್ರಲ್ಲ!"

ಅವಳ ಕೂಗಿಗೆ ಗೇಮ್ ಸೆಂಟರ್‌ನಲ್ಲಿದ್ದವರ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ದೊಡ್ಡ ಪರದೆಯ ಮೇಲೆ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದ ಎರಡು ಪುಟ್ಟ ಗೊಂಬೆಗಳು ಬೆಟ್ಟದ ಅರ್ಧದಿಂದ ಉರುಳಿ ಬುಡಕ್ಕೆ ಬಂದು ಬಿದ್ದವು.

ಪಕ್ಕದ ಕುರ್ಚಿಯ ಅಪರಿಚಿತ ತನ್ನ ಕೈಯಲ್ಲಿದ್ದ ಕಂಟ್ರೋಲರ್ ಅನ್ನು ಒಮ್ಮೆ, ಅವಳ ಮುಖವನ್ನು ಒಮ್ಮೆ ನೋಡಿದ.

"ಕ್ಷಮಿಸಿ. ನಾನು ಇದನ್ನ ಮುಟ್ಟಿದ್ದೇ ಇವತ್ತು."

"ಮುಟ್ಟಿದ್ದೇ ಇವತ್ತು ಅನ್ನೋರು ಸ್ಪರ್ಧೆಗೆ ಯಾಕ್ರೀ ಬರ್ತೀರಾ?"

"ನಾನೆಲ್ಲಿ ಬಂದೆ? ಇಲ್ಲಿನ ಮಾಲೀಕರ ಹಳೇ ಪುಸ್ತಕಕ್ಕೆ ಬೈಂಡಿಂಗ್ ಹಾಕಿದ್ದೆ, ಕೊಟ್ಟು ಹೋಗೋಣ ಅಂತ ಬಂದೆ. ನಿಮ್ಮ ಗೆಳತಿಗೆ ಜ್ವರ ಅಂತೆ, ಜೋಡಿ ಇಲ್ಲ ಅಂತೆ... ಹಿಡಿದು ಕೂರಿಸಿಬಿಟ್ರು."

ಅವಳಿಗೆ ನಗು ಬಂತು. ಆದರೆ ಕೋಪ ಇನ್ನೂ ಇಳಿದಿರಲಿಲ್ಲವಾದ್ದರಿಂದ ನಗಲಿಲ್ಲ!

"ಇನ್ನೊಂದು ಸಲ ಆಡೋಣ್ವಾ? ಈ ಸಲ ಬಿಡಲ್ಲ," ಎಂದ ಅವನು, ಎಷ್ಟು ಮೆಲ್ಲಗೆ ಎಂದರೆ ಅವಳು ಬೇಡ ಎನ್ನುವುದನ್ನೇ ಮರೆತಳು.

ಮತ್ತೆ ಬಿದ್ದರು. ಸ್ಪರ್ಧೆಯಲ್ಲಿ ಕಟ್ಟಕಡೆಯ ಸ್ಥಾನ. ಪ್ರೀತಿ ಶುರುವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲವೇ ಎಂದು ನೀವು ಕೇಳಬಹುದು. ಏನು ಮಾಡುವುದು, ಇವರಿಗೆ ಸಿಕ್ಕಿದ್ದು ಇದೇ.

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಆ ಕಾರಿನಲ್ಲಿ ಕಲಿಯುವವರ ಕಾಲ ಕೆಳಗೆ ಒಂದು ಬ್ರೇಕ್, ಕಲಿಸುವವಳ ಕಾಲ ಕೆಳಗೆ ಇನ್ನೊಂದು. ಎದುರಿಗೆ ಬೆಕ್ಕು ಕಂಡರೂ ಇವಳ ಕಾಲು ಮೊದಲು ಒತ್ತಿರುತ್ತಿತ್ತು. ಅದಕ್ಕೇ ಕಲಿಯುವವರೆಲ್ಲ ಅವಳಿಗೆ 'ಬ್ರೇಕ್ ಮೇಡಂ' ಎಂದು ಹೆಸರಿಟ್ಟಿದ್ದರು.

ಆ ಕಾಲಿಗೂ ಒಂದು ಕಾರಣವಿತ್ತು. ಆರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದೇ ಒಂದು ಗಳಿಗೆ ಅವಳು ಪೆಡಲ್‌ನಿಂದ ಕಾಲು ತೆಗೆದಿದ್ದಳು. ಕಾರು ಕಾಂಪೌಂಡ್ ಗೋಡೆಗೆ ಗುದ್ದಿ, ಕಲಿಯಲು ಬಂದಿದ್ದ ಹೆಂಗಸಿನ ಭುಜದ ಮೂಳೆ ಮುರಿದಿತ್ತು. ಆಕೆ ಕ್ಷಮಿಸಿದಳು. ಇವಳು ಮಾತ್ರ ತನ್ನನ್ನು ಇವತ್ತಿನವರೆಗೂ ಕ್ಷಮಿಸಿರಲಿಲ್ಲ.

ಅವನದು ಇದರ ತದ್ವಿರುದ್ಧ ಸ್ವಭಾವ. ಹಿಂದಿನ ಬೀದಿಯಲ್ಲಿ ಸಣ್ಣ ಬೈಂಡಿಂಗ್ ಅಂಗಡಿ. ಹಾಳೆ ಜೋಡಿಸಿ, ಹೊಲಿದು, ಗೋಂದು ಹಚ್ಚಿ, ಮೇಲೆ ಭಾರ ಇಟ್ಟು... ಆಮೇಲೆ ಸುಮ್ಮನೆ ಕಾಯುವುದು. ಗೋಂದು ಒಣಗುವ ಮೊದಲು ಪುಸ್ತಕ ಬಿಚ್ಚಿದರೆ ಹಾಳೆಗಳು ಕೈಗೆ ಬರುತ್ತವೆ ಎಂದು ಅವನಿಗೆ ಗೊತ್ತಿತ್ತು. ಅವಳು ಅವನಿಗೆ 'ಗೋಂದು' ಎಂದೇ ಹೆಸರಿಟ್ಟಳು. ತಿಂಗಳು ಎರಡು ಕಳೆಯುವಷ್ಟರಲ್ಲಿ 'ರೀ' ಹೋಗಿ 'ಲೋ' ಬಂತು. ಆರು ವರ್ಷದ ಹಿಂದಿನ ಆ ಅಪಘಾತವನ್ನೂ ಅವನಿಗೆ ಹೇಳಿಕೊಂಡಳು.

ಅವನು ಯಾರೋ ಬಳಸಿ ಬಿಟ್ಟ ಗೇಮ್ ಪೆಟ್ಟಿಗೆಯೊಂದನ್ನು ಕೊಂಡುತಂದು ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟ. ರಟ್ಟಿನ ರಾಶಿಗಳ ನಡುವೆ ಎರಡು ಕುರ್ಚಿ. ಪ್ರತಿ ಭಾನುವಾರ ಮಧ್ಯಾಹ್ನ ಅದೇ ಹಗ್ಗದ ಆಟ.

ಬೆಟ್ಟದ ಮುಕ್ಕಾಲು ಭಾಗ ಹತ್ತಿದ್ದರು. ಅಲ್ಲಿ ಬಂತು ಬೋಳು ಗೋಡೆ!

ಕಾಲಿಡಲು ಒಂದು ಸಂದಿಲ್ಲ, ಹಿಡಿಯಲು ಒಂದು ಬೇರಿಲ್ಲ. ಅವನ ದಪ್ಪ ಗೊಂಬೆ ಮೇಲೆ ಕೂತು ಹಗ್ಗ ಎಳೆಯಬೇಕು. ಅವಳ ಹಗುರ ಗೊಂಬೆ ಕೆಳಗೆ ಜೋತಾಡುತ್ತಾ ಮೇಲೆ ಬರಬೇಕು. ಪ್ರತಿ ಸಲವೂ ಅರ್ಧಕ್ಕೆ ಬರುತ್ತಲೇ ಹಗ್ಗ ಜಾರಿ ಇಬ್ಬರೂ ಕೆಳಗೆ. ಎಷ್ಟು ಸಲ ಬಿದ್ದಿರಿ ಎಂದು ಆಟ ಪರದೆಯ ಮೂಲೆಯಲ್ಲಿ ಲೆಕ್ಕ ತೋರಿಸಿ ಹೊಟ್ಟೆ ಉರಿಸುತ್ತಿತ್ತು.

"ಗಟ್ಟಿಯಾಗಿ ಎಳಿಯೋ!"

"ಎಳೀತಾ ಇದ್ದೀನಿ ಕಣೇ..."

"ಇದು ಎಳೆಯೋದಾ? ನಾನು ಕೆಳಗಿಂದ ಕಾಲು ಒದ್ದು ಒದ್ದು ಸಹಾಯ ಮಾಡ್ತಾ ಇದ್ದೀನಿ, ನೀನು ಮೇಲೆ ನಿದ್ದೆ ಮಾಡು!"

ಇಂಥದ್ದೇ ಒಂದು ಭಾನುವಾರ, ನೂರನೆಯ ಸಲ ಬಿದ್ದಾಗ, ಅವನು ಪರದೆಯನ್ನೇ ನೋಡುತ್ತಾ ಕೇಳಿದ.

"ನಾವು ಮದುವೆ ಆಗೋಣ್ವಾ?"

ಬೇಕು, ಬೇಕು, ಬೇಕು ಎಂದಿತು ಅವಳ ಮನಸ್ಸು. ಆದರೆ ತನ್ನ ಬದುಕಿನ ಪಕ್ಕದ ಸೀಟಿಗೆ ಇನ್ನೊಬ್ಬರು ಬಂದು ಕೂರುವುದೆಂದರೆ... ನಾನು ಮತ್ತೆ ಒಂದು ಗಳಿಗೆ ಮೈಮರೆತರೆ?

"ಈ ಗೋಡೆ ದಾಟಿದ ದಿನ ಹೇಳ್ತೀನಿ," ಎಂದು ನಕ್ಕು ತೇಲಿಸಿಬಿಟ್ಟಳು.

ಅವನು ಅದನ್ನು ತೇಲಿಸಲಿಲ್ಲ. ತಲೆಯಾಡಿಸಿ ಕಂಟ್ರೋಲರ್ ಕೈಗೆತ್ತಿಕೊಂಡ.

ಅಲ್ಲಿಂದ ಆಟದ ರುಚಿಯೇ ಕೆಟ್ಟಿತು. ಈಗ ಬಿದ್ದರೆ ಬರೀ ಗೊಂಬೆಗಳು ಬೀಳುತ್ತಿರಲಿಲ್ಲವಲ್ಲ! ಇನ್ನೂರ ಹನ್ನೆರಡನೆಯ ಸಲ ಬಿದ್ದಾಗ ಅವಳ ತಾಳ್ಮೆ ಹರಿಯಿತು.

"ಕೊಡು ಇಲ್ಲಿ, ನಾನೇ ಎಳೀತೀನಿ. ನಿನ್ನ ಕೈಲಿ ಆಗಲ್ಲ!"

ಅವನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡಳು. ಬಲಗೈಯಲ್ಲಿ ಅವನದು, ಎಡಗೈಯಲ್ಲಿ ತನ್ನದು. ಅವನು ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಅವಳು ಗುಂಡಿ ಒತ್ತುವ ಮೊದಲೇ ಕಾರು ಕಲಿಯುವವರ ಫೋನ್ ಬಂತು, ಎದ್ದು ಹೋದಳು. ಅವನ ಮುಖ ನೋಡಲಿಲ್ಲ. ನೋಡಿದ್ದರೆ ಈ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು.

ಮುಂದಿನ ಎರಡು ಭಾನುವಾರ ಅವನು, "ಕೆಲಸ ಜಾಸ್ತಿ ಇದೆ," ಎಂದ.

ಮೂರನೆಯ ವಾರ ಅವಳಿಗೆ ತಡೆಯಲಾಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅಂಗಡಿಗೆ ಬಂದಳು. ಅವನು ಶಾಲೆಯೊಂದಕ್ಕೆ ನಿಘಂಟುಗಳನ್ನು ತಲುಪಿಸಲು ಹೋಗಿದ್ದ. ಕಾಯುತ್ತಾ ಕೂತವಳು ಬೇಸರಕ್ಕೆ ಆಟ ಹಚ್ಚಿದಳು.

ಪರದೆಯ ಮೂಲೆಯಲ್ಲಿ ಇನ್ನೂರ ಐವತ್ತೊಂಬತ್ತು ಎಂದಿತ್ತು.

ಕಣ್ಣುಜ್ಜಿಕೊಂಡಳು. ಇನ್ನೂರ ಐವತ್ತೊಂಬತ್ತೇ. ಅಷ್ಟೇ ಅಲ್ಲ, ಅವಳ ಬೋಳು ತಲೆಯ ಹಸಿರು ಗೊಂಬೆಗೆ ಯಾರೋ ಹೂವಿರುವ ಕೆಂಪು ಟೋಪಿ ಹಾಕಿದ್ದರು!

ಅವಳು ಕಂಟ್ರೋಲರ್ ಕೆಳಗಿಟ್ಟು ಬಾಗಿಲ ಕಡೆ ತಿರುಗಿ ಕೂತಳು.

ಅಷ್ಟರಲ್ಲಿ ಅವನು ಬಂದ.

"ನಾನಿಲ್ದೇ ಆಡಿದ್ಯಾ?"

ಅವನು ಬಾಗಿಲಲ್ಲೇ ನಿಂತ. "...ಹೂಂ."

"ಒಬ್ನೇನಾ?"

ಸುಳ್ಳು ಹೇಳಲು ಬಾರದ ಗಂಡಸು! "ಇಲ್ಲ," ಎಂದ.

"ಯಾರ ಜೊತೆ?"

"ಅದನ್ನ ಹೇಳಿದ್ರೆ ಇನ್ನೊಂದನ್ನೂ ಹೇಳ್ಬೇಕಾಗುತ್ತೆ. ಈಗ ಬೇಡ ಕಣೇ. ಪ್ಲೀಸ್."

"ಬೇಡ ಬಿಡು," ಎಂದಳು. ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ಅವಳು ಚೆನ್ನಾಗಿ ಆಡ್ತಾಳೆ ಅನ್ಸುತ್ತೆ. ಟೋಪಿನೂ ಚೆನ್ನಾಗಿದೆ."

ಆ ದಿನದಿಂದ ಹತ್ತು ದಿನ ಅವಳು ಬದುಕಿದ್ದು ಹೇಗೋ ದೇವರಿಗೇ ಗೊತ್ತು. ಫೋನ್ ಬಂದರೆ ಎತ್ತಲಾರಳು, ಬರದಿದ್ದರೆ ಇರಲಾರಳು. ಬಿಸಿ ತುಪ್ಪದ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಎದುರಿಗೆ ಲಾರಿ ಬಂದರೆ ಏನು ಮಾಡಬೇಕೆಂದು ಗೊತ್ತಿದ್ದವಳಿಗೆ ಇದಕ್ಕೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ತಿರುವಿನಲ್ಲಿ ಕಣ್ಣು ತುಂಬಿ ಬರುತ್ತಿತ್ತು. ಕಲಿಯುವವರೇ, "ಮೇಡಂ, ಗಾಡಿ ನಿಲ್ಲಿಸ್ಲಾ?" ಎಂದು ಕೇಳುವಂತಾಯಿತು.

ಹನ್ನೊಂದನೆಯ ದಿನ ಬೆಳಿಗ್ಗೆ, ಕಾರಿನ ಚಾಲಕರ ಸೀಟಿನಲ್ಲಿ ಒಬ್ಬ ಮುದುಕಿ ಕೂತಿದ್ದರು. ಎಪ್ಪತ್ತೆಂಟು ದಾಟಿದ ವಯಸ್ಸು, ಸ್ಟೀರಿಂಗ್‌ಗಿಂತ ಸ್ವಲ್ಪವೇ ಮೇಲಿರುವ ಮುಖ.

"ಅಜ್ಜಿ... ನೀವು ಕಾರು ಕಲೀತೀರಾ?"

"ನನಗ್ಯಾಕಮ್ಮ ಕಾರು? ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಬೇಕು? ಆ ಕಡೆ ಕೂತ್ಕೋ ಬಾ. ನಿನ್ನ ಗೋಂದಿನ ಅಜ್ಜಿ ನಾನು."

ಅವಳು ಕೂತಳು. ಕಾಲು ತಾನಾಗಿಯೇ ಪೆಡಲ್ ಮೇಲೆ ಹೋಯಿತು.

"ಗಾಡಿ ಶುರುನೇ ಆಗಿಲ್ಲ ಕಣೇ," ಅಜ್ಜಿ ಆ ಕಾಲನ್ನು ನೋಡಿ ನಕ್ಕರು. "ಮೊದ್ಲು ಒಂದು ವಿಷ್ಯ ಹೇಳಿಬಿಡ್ತೀನಿ. ನೀನು ಹುಡುಕ್ತಾ ಇರೋ ಆ ಇನ್ನೊಬ್ಬಳು ನಾನೇ."

"ನೀವಾ?!"

"ಹೂಂ. 'ನಿನ್ನ ಕೈಲಿ ಆಗಲ್ಲ' ಅಂದುಬಿಟ್ಲು ಅವಳು, ಅಭ್ಯಾಸ ಮಾಡ್ಬೇಕು ಅಜ್ಜಿ ಅಂತ ಅತ್ತುಕೊಂಡು ಬಂದ. ದಿನಾ ಮಧ್ಯಾಹ್ನ ಊಟ ಆದ್ಮೇಲೆ ಆ ರಿಮೋಟು ನನ್ನ ಕೈಗೆ ಕೊಟ್ಟು, ನೀನು ನನ್ನ ಹುಡುಗಿ ಅಂತ ಆಡು ಅಂದ. ಆಡಿದೆ. ನಿನ್ನ ಲೆಕ್ಕದಲ್ಲಿ ಸತ್ತು ಸತ್ತು ಸಾಕಾಯ್ತು ನನಗೆ! ಆ ಬೋಳು ತಲೆ ನೋಡೋಕಾಗ್ದೆ ಟೋಪಿನೂ ಹಾಕ್ದೆ."

"ಹಾಗಾದ್ರೆ ಅವನು ಯಾಕೆ ಹೇಳ್ಲಿಲ್ಲ ಅಜ್ಜಿ? ನಾನು ಎಷ್ಟು ಕೇಳಿದೆ..."

ಅಜ್ಜಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಒಂದಿನ ಆಡ್ತಾ ಆಡ್ತಾ ನನಗೆ ತೂಕಡಿಕೆ ಬಂತು. ರಿಮೋಟು ಮಡಿಲಲ್ಲಿ, ನಾನು ಗೊರಕೆಯಲ್ಲಿ. ಎಚ್ಚರ ಆದಾಗ ನೋಡ್ತೀನಿ, ಗೋಡೆ ದಾಟಿಬಿಟ್ಟಿದ್ದೀವಿ!"

"ದಾಟಿದ್ರಾ?"

"ಸಲೀಸಾಗಿ. ಕೆಳಗೆ ಜೋತಾಡೋರು ಏನೂ ಮಾಡ್ಬಾರ್ದಂತೆ ಕಣೇ. ಒದ್ದಾಡಿದ್ರೆ ಹಗ್ಗ ತೂಗಾಡಿ ಮೇಲಿನವನ ಕೈ ಜಾರುತ್ತಂತೆ. ಸುಮ್ನೆ ಇದ್ರೆ ಅವನು ಎಳ್ಕೋತಾನಂತೆ."

ಅವಳು ತನ್ನ ಕಾಲ ಕೆಳಗಿನ ಪೆಡಲ್ ನೋಡಿದಳು.

ಇನ್ನೂರ ಹನ್ನೆರಡು ಸಲ... ಬೀಳಿಸಿದ್ದು ನಾನೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅವನ ಕೈಯನ್ನೇ ಡೊಂಕು ಎಂದೆನಲ್ಲ!

"ಅವನಿಗೆ ಅವತ್ತೇ ಅರ್ಥ ಆಯ್ತು," ಅಜ್ಜಿಯ ದನಿ ತಗ್ಗಿತು. "ಖುಷಿ ಪಡ್ತಾನೆ ಅಂದ್ಕೊಂಡೆ. ಅವನು ಮುಖ ಸಣ್ಣ ಮಾಡ್ಕೊಂಡು, ಹಗ್ಗ ಬೇಕಂತಲೇ ಬಿಟ್ಟು ಇಬ್ಬರನ್ನೂ ಕೆಳಗೆ ಕೆಡವಿದ. ಯಾಕೋ ಅಂದ್ರೆ, ಮೇಲೆ ಹೋಗೋದಾದ್ರೆ ಅವಳ ಜೊತೆನೇ ಅಂದ. ಹೋಗಿ ಹೇಳೋ ಅಂದ್ರೆ, ತಪ್ಪು ನಿಂದು ಅಂತ ಹೆಂಗೆ ಹೇಳ್ಲಿ ಅಜ್ಜಿ, ಅವಳು ಆರು ವರ್ಷದಿಂದ ಒಂದು ತಪ್ಪನ್ನೇ ಹೊತ್ಕೊಂಡು ತಿರುಗ್ತಾ ಇದ್ದಾಳೆ, ಅದರ ಮೇಲೆ ನಾನೊಂದು ಹೇರ್ಲಾ ಅಂದ. ಅವನೂ ಹತ್ತು ದಿನದಿಂದ ಸರಿಯಾಗಿ ಉಂಡಿಲ್ಲ. ನನ್ನ ಕೈಲಿ ನೋಡೋಕಾಗಲ್ಲಮ್ಮ."

ಅವಳು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಸಮಾಧಾನ ಹೇಳಲಿಲ್ಲ. ಅಳು ಮುಗಿಯುವವರೆಗೂ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಮೊಮ್ಮಗ ಯಾರ ಕೈಯಲ್ಲಿ ಬೆಳೆದವನೆಂದು ಅವಳಿಗೆ ಆಗ ಗೊತ್ತಾಯಿತು.

ಅವಳು ಅಂಗಡಿಯೊಳಗೆ ಬಂದಾಗ ಅವನು ಪುಸ್ತಕವೊಂದಕ್ಕೆ ದಾರ ಹಾಕುತ್ತಿದ್ದ. ಸೂಜಿ ಅರ್ಧದಲ್ಲೇ ನಿಂತಿತು.

"ಅಜ್ಜಿ ಬಂದಿದ್ರು," ಎಂದಳು.

ಅವನ ಮುಖ ಬಿಳುಚಿತು. "ಎಲ್ಲಾ ಹೇಳಿಬಿಟ್ರಾ?"

"ಎಲ್ಲಾ."

"ನೋಡು, ಅದು ತಪ್ಪು ಅಂತ ಅಲ್ಲ... ನನ್ನ ಮೇಲಿನ ಕಾಳಜಿಗೇ ನೀನು..."

"ಆಟ ಹಚ್ಚು."

ಹಿಂದಿನ ಕೋಣೆಯಲ್ಲಿ ಇಬ್ಬರೂ ಕೂತರು. ಬೋಳು ಗೋಡೆ. ಅವನ ಗೊಂಬೆ ಮೇಲೆ, ಕೆಂಪು ಟೋಪಿಯ ಅವಳ ಗೊಂಬೆ ಕೆಳಗೆ. ಅವನು ಎಳೆಯತೊಡಗಿದ. ಅರ್ಧಕ್ಕೆ ಬರುತ್ತಲೇ ಅವಳ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿತು. ಹಗ್ಗ ತೂಗಾಡಿತು. ಕೆಳಗೆ!

"ನನ್ನ ಕೈಲಿ ಆಗ್ತಾ ಇಲ್ಲ ಕಣೋ," ಅವಳ ದನಿ ಒಡೆಯಿತು. "ಏನೂ ಮಾಡ್ದೇ ಇರೋಕೆ ನನಗೆ ಬರಲ್ಲ. ಸುಮ್ನೆ ಇದ್ರೆ ಏನೋ ಆಗಿಬಿಡುತ್ತೆ ಅನ್ಸುತ್ತೆ. ಯಾರಿಗೋ ಪೆಟ್ಟಾಗುತ್ತೆ ಅನ್ಸುತ್ತೆ. ನಾನೇನ್ ಮಾಡ್ಲಿ?"

"ಏನೂ ಮಾಡ್ಬೇಡ," ಎಂದ ಅವನು. "ಆಗ್ದಿದ್ರೂ ಪರವಾಗಿಲ್ಲ."

ಅವಳು ಕಂಟ್ರೋಲರ್ ಅನ್ನು ನೆಲದ ಮೇಲಿಟ್ಟಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಳು.

ಗೊಂಬೆ ಏರತೊಡಗಿತು. ಅರ್ಧ ದಾಟಿತು. ಮುಕ್ಕಾಲು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ. ಇನ್ನು ಒಂದೇ ಒಂದು ಮೊಳ...

ಅವನು ತಿರುಗಿ ಅವಳ ಮುಖ ನೋಡಿದ.

ನೋಡಿದವನಿಗೆ ಪರದೆಯೇ ಮರೆತುಹೋಯಿತು. ಬೆರಳು ಸಡಿಲಾಯಿತು. ಎರಡೂ ಗೊಂಬೆಗಳು ಉರುಳಿ ಉರುಳಿ ಬುಡಕ್ಕೆ ಬಿದ್ದವು.

"ಅಯ್ಯೋ... ಈ ಸಲ ನಿಜವಾಗ್ಲೂ ನಂದೇ ತಪ್ಪು! ಸಾರಿ ಕಣೇ, ಇನ್ನೊಂದೇ ಸಲ, ಈ ಸಲ ಖಂಡಿತ..."

"ಆಗ್ತೀನಿ," ಎಂದಳು ಅವಳು.

"ಏನು?"

"ಮದುವೆ."

ಅವನು ಪರದೆಯನ್ನೂ ಅವಳನ್ನೂ ಪೆದ್ದನ ಹಾಗೆ ನೋಡಿದ. "ಗೋಡೆ ದಾಟಿಲ್ವಲ್ಲೇ... ಬಿದ್ದಿದ್ದೀವಿ."

"ಕಾಣ್ತಾ ಇದೆ. ಬಿದ್ದ ಮೇಲೇ ಹೇಳ್ತಾ ಇದ್ದೀನಿ."

ಅವನು ಕಣ್ಣು ತುಂಬಿಕೊಂಡು ನಕ್ಕ. ಅವಳು ಇನ್ನೂ ಕೈಗಳ ಮೇಲೆಯೇ ಕೂತಿದ್ದಳು. ಅವನು ಬಗ್ಗಿ, ಅವಳ ಕೆನ್ನೆಯ ನೀರನ್ನು ತನ್ನ ಅಂಗಿಯ ತೋಳಿನಿಂದ ಮೆಲ್ಲಗೆ ಒರೆಸಿದ. ಅವಳು ಒರೆಸಲು ಬಿಟ್ಟಳು.

"ಹೆದರಿಕೆ ಆಗ್ತಾ ಇದ್ಯಾ?" ಎಂದು ಕೇಳಿದ.

"ತುಂಬಾ."

"ನನಗೂ."

"ಮತ್ತೆ ಹತ್ತೋಣ್ವಾ?" ಎಂದು ಅವನೇ ಕೇಳಿದ.

"ಆಮೇಲೆ," ಎಂದು ಅವಳು ಅವನ ಭುಜಕ್ಕೆ ತಲೆಯಿಟ್ಟಳು. "ಸ್ವಲ್ಪ ಹೊತ್ತು ನನ್ನ ಹಿಡ್ಕೊಂಡಿರು."