ಈಜುಗಾಲಿಲ್ಲದ ಏಡಿ

"ಇದು ನಮ್ಮ ಏಡಿ ಅಲ್ಲ, ಆಲ್ವಿನ."

ಪ್ರಾಣಿಶಾಸ್ತ್ರದ ಮುಖ್ಯಸ್ಥೆ ಗ್ರೇಸ ಮೇಡಮ್ ಗಾಜಿನ ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಬೀದರದ ನಮ್ಮ ಕಾಲೇಜಿನಲ್ಲಿ ಸಮುದ್ರದ ಏಡಿ ಇದ್ದುದು ಅದೊಂದೇ. ನಾಳೆ ಪ್ರಾಯೋಗಿಕ ಪರೀಕ್ಷೆ.

ಅತಿಥಿ ಉಪನ್ಯಾಸಕನಾದ ನಾನೂ ನೋಡಿದೆ. ಇಕ್ಕಳಗಳೂ ಸೇರಿ ಹತ್ತು ಕಾಲು. ತಲೆ, ಎದೆ ಎರಡನ್ನೂ ಮುಚ್ಚಿದ ಒಂದೇ ಚಿಪ್ಪು. ವ್ಯತ್ಯಾಸ ಎಲ್ಲಿ?

"ಕಡೀ ಜೋಡಿ ಕಾಲು ನೋಡು. ನಮ್ಮದಕ್ಕ ದೋಣಿ ಹುಟ್ಟಿನಂಗ ಚಪ್ಪಟ ಇದ್ವು, ಈಜಲಿಕ್ಕ. ಇವು ಚೂಪ ಅವ. ಇದು ಹೊಳೀದು."

ಅವರು ಅದನ್ನು ಚಿಮಟದಿಂದ ಎತ್ತಿದರು. ಏನೂ ಭಾರವಿಲ್ಲ. ಚಿಪ್ಪಿನ ಹಿಂಬದಿಯಲ್ಲಿ ಸೀಳು, ಒಳಗೆಲ್ಲ ಖಾಲಿ. ಕಣ್ಣಿನ ಮೇಲಿನ ತೆಳು ಹೊದಿಕೆ ಮಾತ್ರ ಹಾಗೇ ಉಳಿದಿತ್ತು—ಒಳಗೆ ಯಾರೂ ಇಲ್ಲದೆ ನಮ್ಮನ್ನೇ ನೋಡುತ್ತಿತ್ತು. ಬೆಳೆಯುವಾಗ ಏಡಿ ಕಳಚಿ ಬಿಟ್ಟುಹೋಗುವ ಬರೀ ಪೊರೆ. ಸಂದಿಯಲ್ಲಿ ಚೂರು ಕಪ್ಪು ಮಣ್ಣು.

ಪ್ರಾಂಶುಪಾಲರು ಔರಾದದ ವಿದ್ಯಾರ್ಥಿ ಮಂಗೇಶನನ್ನು ಕರೆಸಿದರು. ಶನಿವಾರ ಲ್ಯಾಬಿನಲ್ಲಿ ಏಡಿಯ ಚಿತ್ರ ಬಿಡಿಸುತ್ತ ಕೊನೆಯವರೆಗೆ ಕೂತಿದ್ದವನು ಅವನೇ. ಇದು ಅವನ ಕಿಡಿಗೇಡಿತನ, ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಔರಾದದ ಬಸ್ಸಿಗೆ ಓಡಿದೆ, ಬೇರೇನೂ ಗೊತ್ತಿಲ್ಲ ಎಂದ ಹುಡುಗ. ಲ್ಯಾಬಿನ ಬೀಗದ ಕೈ ಇದ್ದುದು ಇಬ್ಬರ ಬಳಿ—ಜವಾನ ಪಾಂಡುರಂಗ, ಕಸ ಗುಡಿಸುವ ಕಾವೇರಿಬಾಯಿ.

ಮೇಡಮ್ ಆ ಕಪ್ಪು ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ಅವರ ಮುಖ ಬಿಳಿಚಿತು.

"ಒಯ್ದವರು ನಮ್ಮ ಏಡೀನ ತಿನ್ನಲಿಕ್ಕ ಒಯ್ದಾರ."

ಎಂಟು ವರ್ಷ, ಕೊಳೆಯದಂತೆ ಇಡುವ ವಿಷದ್ರವ ಫಾರ್ಮಾಲಿನ್‌ನಲ್ಲಿ ನೆನೆದ ಮಾಂಸ, ಯಾವುದೋ ಮನೆಯ ಒಲೆಯ ಮೇಲೆ—

"ಹ್ಯಾಂಗ ಹೇಳ್ತೀರಿ, ಮೇಡಮ್?"

ಅವರು ಆಗಲೇ ಮೆಟ್ಟಿಲಿಳಿಯುತ್ತಿದ್ದರು. ಇಳಿಯುತ್ತಲೇ ಬಿಡಿಸಿ ಹೇಳಿದರು. ಈ ಪೊರೆ ತಂದವರು ಹೊಳೆಗೆ ಹೋದದ್ದು ಏಡಿ ಹುಡುಕಲು. ಬೇಸಿಗೆಯಲ್ಲಿ ಏಡಿ ಬಿಲ ಸೇರಿದೆ. ಸಿಕ್ಕಿದ್ದು ಪೊರೆ ಮಾತ್ರ. ನಮ್ಮ ಕಡೆ ಏಡಿ ಹುಡುಕುವುದೇಕೆ? ಕೆಮ್ಮಿಗೆ ಸಾರು ಮಾಡಲು. ಮಂಗೇಶ ಆ ಈಜುಗಾಲುಗಳ ಚಿತ್ರವನ್ನು ಶನಿವಾರ ತಾನೇ ಬಿಡಿಸಿದ್ದ—ಚೂಪುಗಾಲಿನದನ್ನು ಇಟ್ಟು ಯಾರನ್ನಾದರೂ ನಂಬಿಸಬಹುದೆಂದು ಅವನು ಎಣಿಸಲಾರ. ಪಾಂಡುರಂಗ ಕೊರಳಲ್ಲಿ ತುಳಸಿಮಣಿ ಹಾಕಿದ ವಾರಕರಿ, ಮಾಂಸ ಮುಟ್ಟದ ವಿಠಲಭಕ್ತ. ಈ ಜಾಡಿಗಳ ಕಪಾಟಿನ ಹತ್ತಿರವೂ ಸುಳಿಯುವುದಿಲ್ಲ. ಬೀದರದ ಮಣ್ಣು ಕೆಂಪು. ಕಪ್ಪು ಮಣ್ಣು ಮಾಂಜ್ರಾ ಹೊಳೆಯ ದಂಡೆಯದು. ಪ್ರತಿ ಐತಾರ ರಜೆಗೆ ಆ ದಂಡೆಯ ಸಾಯಗಾಂವಕ್ಕೆ, ಮಗನ ಮನೆಗೆ, ಹೋಗುವವರು ಒಬ್ಬರೇ.

ವರಾಂಡದಲ್ಲಿ ಕಾವೇರಿಬಾಯಿ ನೆಲ ಒರೆಸುತ್ತಿದ್ದರು.

"ಸಾಯಗಾಂವದಾಗ ಯಾರಿಗಿ ಕೆಮ್ಮ, ಕಾವೇರಿಬಾಯಿ?"

ಅರಿವೆ ಕೈಯಲ್ಲೇ ನಿಂತಿತು.

"ಮೊಮ್ಮಗನಿಗ್ರಿ. ತಿಂಗಳಾತು. ಇಷ್ಟು ವರ್ಷ ಕೆಡಲಾರದ ಏಡಿ, ಭಾಳ ತಾಕತ್ತ ಇರ್ತದಂತ ಶನಿವಾರ ಒಯ್ದೆ. ಹಿಂದಿನ ಐತಾರ ಹೊಳ್ಯಾಗ ಸಿಕ್ಕ ಪೊರಿ ಅದರ ಜಾಗಾದಾಗ ಇಟ್ಟೆ. ತಪ್ಪಾತ್ರಿ."

"ಅದು ವಿಷ ಅದ. ಕುಡಿಸೀರೇನು?"

"ಮೊನ್ನಿ ಸಂಜಿಗಿ ಕೊಟ್ಟೀನ್ರಿ. ನಿನ್ನಿ ಸೋಮವಾರ, ಮನ್ಯಾಗ ಮಾಂಸದಡಗಿ ಮಾಡಂಗಿಲ್ರಿ. ಇವತ್ತ... ಸೊಸಿ ಇವತ್ತ ಮಾಡ್ತಾಳ."

ಹತ್ತೂವರೆ. ಸೊಸೆಯ ನಂಬರಿಗೆ ನಾನು ಹಚ್ಚಿದ ಫೋನು ಎರಡು ಸಲ ಹೋಗಲೇ ಇಲ್ಲ. ಕಾವೇರಿಬಾಯಿ ನನ್ನ ಕೈಯನ್ನೇ ನೋಡುತ್ತಿದ್ದರು. ಮೂರನೆಯ ಸಲ ಸೊಸೆ ಎತ್ತಿದಳು. ಮಗುವಿಗೆ ಇನ್ನೂ ಕೊಟ್ಟಿಲ್ಲ ಎಂದಳು. ಉಪ್ಪು ನೋಡಲು ತಾನೊಂದು ಚಮಚ ಕುಡಿದೆ, ಗಂಟಲು ಉರಿಯುತ್ತಿದೆ ಎಂದಳು.

ಭಾಲ್ಕಿಯ ಆಸ್ಪತ್ರೆಯಲ್ಲಿ ಸಂಜೆ ವೈದ್ಯರು ಹೊರಬಂದು, ಸೊಸೆಯ ಜೀವಕ್ಕೆ ಅಪಾಯವಿಲ್ಲ ಎಂದರು. ಮಂಗೇಶ ಪರೀಕ್ಷೆಗೆ ಕೂರಲಿ ಎಂದು ಗ್ರೇಸ ಮೇಡಮ್ ಪ್ರಾಂಶುಪಾಲರಿಗೆ ಹೇಳಿಯಾಗಿತ್ತು. ಬೆಂಚಿನ ಮೇಲೆ, ನಿದ್ದೆಹೋದ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕಾವೇರಿಬಾಯಿ ನನ್ನ ಕಡೆ ತಿರುಗಿದರು.

"ಆ ಜಾಡಿ ಮ್ಯಾಲ ವಿಷ ಅಂತ ಬರದಿದ್ದಿಲ್ಲೇನ್ರಿ, ಸರ? ನಾ ಏಳನೇ ಇಯತ್ತ ತನಕ ಸಾಲಿ ಕಲ್ತೀನಿ. ಕನ್ನಡ ಓದ್ತೇನಿ."

ಬರೆದಿತ್ತು. ಇಂಗ್ಲಿಷಿನಲ್ಲಿ. ಅಕ್ಷರ ನನ್ನದೇ.