ನಲವತ್ತೆರಡು ಗ್ರಾಂ ಮುಚ್ಚಳ

"ಆಂಟಿ ಇದ್ದಾರಾ ಅಂಕಲ್? ಫ್ಯಾಕ್ಟರೀಲಿ ನನ್ನನ್ನ ಕಳ್ಳಿ ಅಂತಿದ್ದಾರೆ!"

೨೦೦೬ರ ಫೆಬ್ರವರಿಯ ಭಾನುವಾರ. ದೆಹಲಿಯ ದ್ವಾರಕಾದ ಫ್ಲ್ಯಾಟಿನ ಬಾಗಿಲು ತೆರೆದ ತಿಪ್ಪೇಸ್ವಾಮಿಯವರು ಎದುರು ಮನೆಯ ಅಪೂರ್ವಾಳನ್ನು ಒಳಗೆ ಕರೆದರು. ಅವರ ಹೆಂಡತಿ ವೈಜಯಂತಿ ಮೂವತ್ತು ವರ್ಷ ಪ್ಲಾಸ್ಟಿಕ್ ಅಚ್ಚುಗಳ ವಿನ್ಯಾಸ ಮಾಡಿ ನಿವೃತ್ತರಾದವರು. ಸೊಸೈಟಿಯಲ್ಲಿ ಏನು ಕಳುವಾದರೂ ಜನ ಪೊಲೀಸರಿಗಿಂತ ಮೊದಲು ಬರುತ್ತಿದ್ದುದು ಆಕೆಯ ಬಳಿಗೆ. ಪಕ್ಕದಲ್ಲಿ ಕೂತು ಹೆಂಡತಿಯ ಜಾಣತನ ನೋಡುವುದೇ ತಿಪ್ಪೇಸ್ವಾಮಿಯವರಿಗೆ ದೊಡ್ಡ ಸುಖ.

ನೊಯ್ಡಾದಲ್ಲಿ ಮುರಳೀಧರರ ಕಾರ್ಖಾನೆಯಲ್ಲಿ ಅಪೂರ್ವಾಳದು ಖರ್ಚಿನ ಅಂದಾಜು ಹಾಕುವ ಕೆಲಸ. ಒಂದು ವಿದ್ಯುತ್ ಮೀಟರ್ ಕಂಪನಿ ತನ್ನ ಪೆಟ್ಟಿಗೆಯ ಮುಚ್ಚಳಕ್ಕೆ ಪಿಪಿ, ಎಬಿಎಸ್, ಪಾಲಿಕಾರ್ಬೊನೇಟ್ ಎಂಬ ಮೂರು ಬಗೆಯ ಪ್ಲಾಸ್ಟಿಕ್ಕಿನಲ್ಲೂ ದರ ಕೇಳಿತ್ತು. ಶನಿವಾರ ಎದುರಾಳಿ ಕಾರ್ಖಾನೆ ಮೂರಕ್ಕೂ ಕಡಿಮೆ ದರ ಕೊಟ್ಟಿತು. ಚೌಕಾಸಿಗೆಂದು ಕಂಪನಿಯವರು ಆ ಹಾಳೆಯನ್ನು ಮುರಳೀಧರರಿಗೆ ಫ್ಯಾಕ್ಸ್ ಮಾಡಿದರು. ಒಂದು ಮುಚ್ಚಳಕ್ಕೆ ಹಿಡಿಯುವ ಸೆಕೆಂಡುಗಳೂ ಅಪೂರ್ವಾಳ ಲೆಕ್ಕದಲ್ಲಿದ್ದಷ್ಟೇ ಇದ್ದವು.

"ಲೆಕ್ಕ ಮಾರಿದ್ದು ನೀನೇ, ನಾಳೆ ರಾಜೀನಾಮೆ ಕೊಡು ಅಂದ್ರು ಮಾಲೀಕರು, ಆಂಟಿ."

"ನಿನ್ನ ಹಾಳೆ ಯಾರ್ಯಾರು ನೋಡಿದ್ರು?"

"ಮಂಗಳವಾರ ಮೊದಲ ಪ್ರತೀನ ಮೆಷಿನ್ ನೋಡಿಕೊಳ್ಳೋ ಗೋಪಿನಾಥ್ ಸರ್‌ಗೆ ತೋರಿಸಿದೆ. ಅದರದೇ ಇನ್ನೊಂದು ಪ್ರತೀನ ಲಕೋಟೆಗೆ ಹಾಕಿ, ಅಂಟಿಸಿ, ಮಾಲಿನ ಬೆಲೆ ನೋಡಲಿ ಅಂತ ಖರೀದಿ ವಿಭಾಗದ ಏಕನಾಥ್ ಸರ್‌ಗೆ ಕೊಟ್ಟೆ. ಅವರು ಒಡೀಲೇ ಇಲ್ವಂತೆ, ಹಾಗೇ ವಾಪಸ್ ಕೊಟ್ರು. ಬುಧವಾರ ಒಂದು ತಪ್ಪು ತಿದ್ದಿ ಮಾಲೀಕರಿಗೆ ಕೊಟ್ಟೆ."

"ಏನು ತಪ್ಪು?"

"ಪಾಲಿಕಾರ್ಬೊನೇಟಿಗೂ ಎಬಿಎಸ್ ಮುಚ್ಚಳದ ತೂಕಾನೇ ಬರೆದುಬಿಟ್ಟಿದ್ದೆ, ನಲವತ್ತೆರಡು ಗ್ರಾಂ. ಗೋಪಿನಾಥ್ ಸರ್ ಮಾದರಿ ತೂಗಿ ನಲವತ್ತೆಂಟು ಅಂದ್ರು."

ಅಪೂರ್ವಾ ಚೀಲದಿಂದ ತೆಗೆದುಕೊಟ್ಟ ಆ ಲಕೋಟೆಯನ್ನು ವೈಜಯಂತಿ ಕಿಟಕಿಯ ಬೆಳಕಿಗೆ ಹಿಡಿದರು. ಅಂಟಿಸಿದ ಅಂಚು ಒದ್ದೆಯಾಗಿ ಒಣಗಿದ ಹಪ್ಪಳದಂತೆ ಸುಕ್ಕಾಗಿತ್ತು. "ಅಚ್ಛಾ," ಎಂದರು. "ನಾಳೆ ನಾವೂ ಬರ್ತೀವಿ."

ಸೋಮವಾರ ಮಾಲೀಕರ ಕೋಣೆಯಲ್ಲಿ ಎಲ್ಲರೂ ಸೇರಿದರು. ವೈಜಯಂತಿ ಫ್ಯಾಕ್ಸ್ ಓದಿ ಮಡಚಿಟ್ಟು, ಮೇಜಿನ ಮೇಲೆ ಪುಟ್ಟ ತಕ್ಕಡಿಯನ್ನೂ ಮಾದರಿ ಮುಚ್ಚಳವನ್ನೂ ಇರಿಸಿದರು.

"ಈ ಪಾಲಿಕಾರ್ಬೊನೇಟ್ ಮುಚ್ಚಳ ಎಷ್ಟು ತೂಗಬಹುದು ಏಕನಾಥ್? ಖರೀದಿಯವರಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತೆ, ಬಿಡಿ."

ಏಕನಾಥನಿಗೆ ಚುರ್ರೆಂದಿತು. "ಯಾಕೆ ಗೊತ್ತಿರಲ್ಲ ಮೇಡಂ? ನಲವತ್ತೆರಡು ಗ್ರಾಂ."

ಮುಚ್ಚಳ ತಕ್ಕಡಿಗೆ ಬಿತ್ತು. ಮುಳ್ಳು ನಲವತ್ತೆಂಟಕ್ಕೆ ನಿಂತಿತು.

"ಅಚ್ಚು ಒಂದೇ, ಗಾತ್ರವೂ ಒಂದೇ. ಆದರೆ ಪಾಲಿಕಾರ್ಬೊನೇಟ್ ಭಾರದ ಮಾಲು," ಎಂದರು ವೈಜಯಂತಿ. "ನಲವತ್ತೆರಡು ಅನ್ನೋದು ಅಪೂರ್ವಾಳ ತಪ್ಪು. ಅದೇ ತಪ್ಪು ಈ ಫ್ಯಾಕ್ಸ್‌ನಲ್ಲೂ ಇದೆ. ದರ ಸಲ್ಲಿಸಿದ್ದು ಶನಿವಾರ. ಅಪೂರ್ವಾಗೂ ಗೋಪಿನಾಥರಿಗೂ ತಪ್ಪು ಬುಧವಾರವೇ ಗೊತ್ತಿತ್ತು. ಅವರು ಮಾರಿದ್ದರೆ ತಿದ್ದಲು ಮೂರು ದಿನ ಇತ್ತು. ಮುರಳೀಧರ್, ನೀವು ನೋಡಿದ್ದು ತಿದ್ದಿದ ಪ್ರತಿ. ತಪ್ಪನ್ನೇ ನಿಜ ಅಂತ ಇವತ್ತಿಗೂ ನಂಬಿರೋದು ಒಬ್ಬರೇ, ಲಕೋಟೆ ಒಡೀಲೇ ಇಲ್ಲ ಅಂದವರು. ಹಬೆ ಹಿಡಿದು ಬಿಚ್ಚಿ, ಮತ್ತೆ ಅಂಟಿಸಿದ್ದೀರಿ. ಕಾಗದ ಸುಕ್ಕಾಗಿದೆ ನೋಡಿ."

ಏಕನಾಥನ ಮುಖ ಬಿಳಿಚಿಕೊಂಡಿತು. "ಆ ಕಾರ್ಖಾನೇಲಿ ಮ್ಯಾನೇಜರ್ ಕೆಲಸ ಕೊಡ್ತೀವಿ ಅಂದಿದ್ರು ಸರ್..." ಎಂದು ತಪ್ಪೊಪ್ಪಿಕೊಂಡ.

ಗೋಪಿನಾಥರು ಮೇಜು ಗುದ್ದಿ ನಕ್ಕರು. "ಅಯ್ಯೋ, ಆ ದರಕ್ಕೆ ಮಾಲು ಕೊಟ್ಟರೆ ಪ್ರತಿ ಮುಚ್ಚಳಕ್ಕೂ ಆರು ಗ್ರಾಂ ಪ್ಲಾಸ್ಟಿಕ್ ಅವರ ಮನೆಯಿಂದಲೇ ಹಾಕಬೇಕು!"

ಮುರಳೀಧರರು ಅಲ್ಲಿಂದಲೇ ಮೀಟರ್ ಕಂಪನಿಗೆ ಫೋನ್ ಮಾಡಿದರು. ಕಂಪನಿಯವರು ಎದುರಾಳಿ ಕಾರ್ಖಾನೆಯನ್ನು ತೂಕದ ಬಗ್ಗೆ ವಿಚಾರಿಸಿದ್ದೇ ತಡ, ಆ ಕಾರ್ಖಾನೆಯವರು ದರ ಹಿಂತೆಗೆದುಕೊಂಡರು. ಸಂಜೆಯೊಳಗೆ ಎರಡು ಲಕ್ಷ ಪಾಲಿಕಾರ್ಬೊನೇಟ್ ಮುಚ್ಚಳಗಳ ಆರ್ಡರ್ ಬಂತು.

ಪಾಳಿ ಬದಲಾಗುವ ಹೊತ್ತಿನಲ್ಲಿ, ಕೆಲಸಗಾರರೆಲ್ಲ ನಿಂತಿದ್ದಾಗ, ಮುರಳೀಧರರು ಅಪೂರ್ವಾಳಿಗೆ ಕೈಮುಗಿದರು. "ನನ್ನದು ತಪ್ಪಾಯ್ತಮ್ಮ. ಇನ್ಮೇಲೆ ಈ ಕಾರ್ಖಾನೆಯ ದರಪಟ್ಟಿಗೆ ನಿನ್ನ ಸಹಿ ಇಲ್ಲದೆ ನಾನೂ ಸಹಿ ಹಾಕಲ್ಲ."

ಚಪ್ಪಾಳೆಯ ನಡುವೆ ಅಪೂರ್ವಾ ಪೆನ್ನು ತೆಗೆದುಕೊಂಡಳು. ನಲವತ್ತೆಂಟು ಗ್ರಾಂ ಎಂದಿದ್ದ ದರಪಟ್ಟಿಯ ಕೆಳಗೆ ಸಹಿ ಹಾಕಿದಳು.