ಮ್ಯಾನೇಜರ್ ಕಣ್ಣಿನಲ್ಲಿ ಕಂಡಿದ್ದು

“ಬಿಡಬೇಡ್ವೋ! ಗಟ್ಟಿಯಾಗಿ ಹಿಡ್ಕೊ!”

“ನಾನೆಲ್ಲಿ ಹಿಡ್ಕೊಂಡಿದೀನಿ? ಅದೇ ನನ್ನ ಹಿಡ್ಕೊಂಡಿದೆ!” ಬಟಾಣಿಯ ತಮ್ಮ ಕಿರುಚಿದ.

ಟವೆಲ್ಲಿನೊಳಗೆ ಸುತ್ತಿದ್ದ ಬೆಕ್ಕಿನ ತಲೆಯಷ್ಟೇ ಹೊರಗಿತ್ತು. ಅದರ ಹೆಸರು ಮ್ಯಾನೇಜರ್. ಕೆಳಗಿನ ಮನೆಯ ಟೈಲರ್ ಅಜ್ಜಿಯ ಬೆಕ್ಕು. ಅಜ್ಜಿ ಹೊಲಿಯುವಾಗ ಮಿಷಿನ್ ಪಕ್ಕ ಕೂತು ಒಂದೊಂದು ಹೊಲಿಗೆಯನ್ನೂ ಕಣ್ಣು ಕಿರಿದು ಮಾಡಿ ನೋಡುತ್ತಿತ್ತು. ತಾನು ಮಾತ್ರ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಹಾಗಾಗಿ ಆ ಹೆಸರು.

ಬಟಾಣಿ ಕ್ಯಾಮೆರಾವನ್ನು ಬೆಕ್ಕಿನ ಮೂತಿಗೆ ಹಿಡಿದಳು. ಹುಟ್ಟಿದಾಗ ಅವಳು ಬಟಾಣಿ ಕಾಳಿನಷ್ಟೇ ಇದ್ದಳಂತೆ, ಹುಡುಕೋಕೆ ನರ್ಸಿಗೆ ಟಾರ್ಚ್ ಬೇಕಾಯಿತಂತೆ. ಇದು ಚಿಕ್ಕಪ್ಪ ಹೇಳಿದ್ದು. ಚಿಕ್ಕಪ್ಪನ ಮಾತಿನಲ್ಲಿ ಅರ್ಧ ನಂಬಿದರೆ ಸಾಕು.

ಆದರೆ ಫೋಟೋ ವಿಷಯದಲ್ಲಿ ಪೂರ್ತಿ ನಂಬಬಹುದು. ಅವನದು ಸ್ಟುಡಿಯೋ. ಕ್ಯಾಮೆರಾ ಕೊಡುವಾಗ ಹೇಳಿದ್ದ: “ಕಣ್ಣಿಗೆ ಫೋಕಸ್ ಮಾಡು. ನೆಲದ ಮೇಲೆ ಮಲ್ಕೊ, ಅದರ ಎತ್ತರಕ್ಕೆ ಇಳಿ. ಆಮೇಲೆ ಸುಮ್ನೆ ಕಾಯಿ. ಅದಾಗೇ ಬರುತ್ತೆ.”

ಬಟಾಣಿ ಕಾದಿದ್ದಳು. ಬೆಳಗಿನಿಂದ ಸಿಕ್ಕಿದ್ದು ಬರೀ ಬಾಲ, ಅರ್ಧ ಕಿವಿ, ಮೀಸೆ ಇರುವ ಒಂದು ಹೊಗೆ. ಸಂಜೆಗೆ ಕ್ಯಾಮೆರಾ ವಾಪಸ್ ಕೊಡಬೇಕು. ಚೆನ್ನಾದ ಫೋಟೋ ತಂದುಕೊಡ್ತೀನಿ ಅಂತ ಅಜ್ಜಿಗೆ ಜಂಬದಿಂದ ಹೇಳಿಯೂ ಆಗಿತ್ತು. ಅದಕ್ಕೇ ಟವೆಲ್ಲು.

ಕ್ಲಿಕ್!

ಮ್ಯಾನೇಜರ್ ತಮ್ಮನ ಕೈ ಪರಚಿ, ಟವೆಲ್ ಸಮೇತ ಕಿಟಕಿಯಿಂದ ಹಾರಿ ಹೋಯಿತು. ಫೋಟೋ ಮಾತ್ರ ಸಖತ್ತಾಗಿ ಬಂದಿತ್ತು. ಬರೀ ಮುಖ, ಟವೆಲ್ಲಿನ ಸುಳಿವೇ ಇಲ್ಲ. ಮೀಸೆಯ ಒಂದೊಂದು ಕೂದಲೂ ಬೇರೆ ಬೇರೆ!

“ಅಯ್ಯೋ ನನ್ನ ಬಂಗಾರ!” ಕ್ಯಾಮೆರಾ ಪರದೆ ನೋಡಿ ಅಜ್ಜಿ ಕೆನ್ನೆಗೆ ಕೈಯಿಟ್ಟಳು. “ನನ್ನ ಹತ್ರಾನೇ ಒಂದು ನಿಮಿಷ ನೆಟ್ಟಗೆ ಕೂರಲ್ಲ. ಹೇಗೆ ಕೂರಿಸಿದ್ಯೇ?”

“ಅದಾಗೇ ಕೂತಿತ್ತು ಅಜ್ಜಿ.”

ಮಾತು ಬಾಯಿಂದ ಜಾರಿಬಿಟ್ಟಿತ್ತು.

“ದೊಡ್ಡದು ಮಾಡಿಸಿ ಕೊಡು. ಗೋಡೆಗೆ ಹಾಕ್ತೀನಿ!”

ಸ್ಟುಡಿಯೋದಲ್ಲಿ ಚಿಕ್ಕಪ್ಪ ಫೋಟೋವನ್ನು ಕಂಪ್ಯೂಟರಿಗೆ ಹಾಕಿದ. “ಭಲೇ ಬಟಾಣಿ! ಕಣ್ಣು ನೋಡು, ಒಳ್ಳೆ ಕನ್ನಡಿ ಇದ್ದಂಗಿದೆ!” ಅಂತ ಜೂಮ್ ಮಾಡಿದ. ಇನ್ನೂ ಜೂಮ್ ಮಾಡಿದ.

ಬೆಕ್ಕಿನ ಕಣ್ಣಿನೊಳಗೆ ಒಂದು ಕಿಟಕಿ ಇತ್ತು. ಕಿಟಕಿಯ ಮುಂದೆ ಕ್ಯಾಮೆರಾ ಹಿಡಿದ ಹುಡುಗಿ. ಅವಳ ಪಕ್ಕದಲ್ಲಿ, ಟವೆಲ್ ಅದುಮಿ ಹಿಡಿದ ಎರಡು ಪುಟ್ಟ ಕೈಗಳು.

ಚಿಕ್ಕಪ್ಪನ ಮೌಸ್ ನಿಂತಿತು. ಅವನು ಕಿವಿ ಕೆರೆದುಕೊಂಡ. “ಯಾವ ಸೈಜು?” ಅಂತಷ್ಟೇ ಕೇಳಿದ.

“ಚಿಕ್ಕದು ಸಾಕು,” ಎಂದಳು ಬಟಾಣಿ.

“ಅಜ್ಜಿ ದೊಡ್ಡದು ಕೇಳಿದಾರೆ ಅಂದ್ಯಲ್ಲ?” ಅಂದವನೇ ದೊಡ್ಡದನ್ನೇ ಪ್ರಿಂಟ್ ಮಾಡಿದ.

ಫೋಟೋ ಅಜ್ಜಿಯ ಮಿಷಿನ್ ಹಿಂದಿನ ಗೋಡೆ ಏರಿತು. ಪ್ಯಾಂಟು ಗಿಡ್ಡ ಮಾಡಿಸಲು ಬಂದವರಿಗೂ, ಜಿಪ್ ಹಾಕಿಸಲು ಬಂದವರಿಗೂ ಅಜ್ಜಿಯದು ಒಂದೇ ಮಾತು: “ಅದಾಗೇ ಕೂತಿತ್ತಂತೆ! ಮೇಲಿನ ಮನೆ ಮಗು ತೆಗೆದಿದ್ದು!” ಪ್ರತಿ ಸಲವೂ ಬಟಾಣಿಗೆ ಕಿವಿ ಬಿಸಿಯಾಗುತ್ತಿತ್ತು. ತಾನು ನಿಜವಾಗಿಯೂ ಕಾಳಿನಷ್ಟೇ ಇದ್ದಿದ್ದರೆ ಗುಂಡಿ ಡಬ್ಬಿಯೊಳಗೆ ಸೇರಿಕೊಳ್ಳಬಹುದಿತ್ತು.

ಮ್ಯಾನೇಜರ್ ಮಾತ್ರ ಅವಳ ಚಪ್ಪಲಿ ಸದ್ದು ಕೇಳಿದ ಕೂಡಲೇ ಬೀರುವಿನ ಕೆಳಗೆ ನುಗ್ಗುತ್ತಿತ್ತು.

ಒಂದು ಮಧ್ಯಾಹ್ನ ಅಜ್ಜಿ ಬುಟ್ಟಿಯೊಳಗೆ ಹಳೇ ಬಟ್ಟೆ ಹಾಸುತ್ತಿದ್ದಳು. “ಇದಕ್ಕೆ ಏನೋ ಆಗಿದೆ ಕಣೇ. ಮೊದಲು ನಿನ್ನ ತೊಡೆ ಬಿಟ್ಟು ಇಳೀತಾ ಇರ್ಲಿಲ್ಲ. ಈಗ ದೆವ್ವ ಕಂಡ ಹಾಗೆ ಓಡುತ್ತೆ. ಡಾಕ್ಟರಿಗೆ ತೋರಿಸ್ತೀನಿ. ಪಾಪ, ಎಷ್ಟು ಇಂಜೆಕ್ಷನ್ ಚುಚ್ಚುತಾರೋ.”

ಬಟಾಣಿ ಬುಟ್ಟಿಯನ್ನು ತನ್ನತ್ತ ಎಳೆದುಕೊಂಡಳು. “ಅದಕ್ಕೇನೂ ಆಗಿಲ್ಲ ಅಜ್ಜಿ.”

“ನಿನಗೆ ಹೇಗೆ ಗೊತ್ತು?”

“ಫೋಟೋ ನೋಡಿ. ಕಣ್ಣೊಳಗೆ.”

ಅಜ್ಜಿ ಫೋಟೋ ಇಳಿಸಿದಳು. ಕನ್ನಡಕ ಸರಿಮಾಡಿಕೊಂಡು ಹತ್ತಿರ ಹಿಡಿದಳು, ದೂರ ಹಿಡಿದಳು, ಮತ್ತೆ ಹತ್ತಿರ ಹಿಡಿದಳು.

“ಇದು ನಿನ್ನ ತಮ್ಮನ ಕೈ.”

“ಹೂಂ.”

“ಇದು ನೀನು.”

“ಹೂಂ. ನಾನೇ ಹಿಡ್ಕೊ ಅಂದಿದ್ದು. ಅದಾಗೇ ಕೂತಿರ್ಲಿಲ್ಲ.”

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಒಂದಿಷ್ಟು ಅತ್ತು ಮುಗಿಸಬಹುದಿತ್ತು. ಅವಳು ಬುಟ್ಟಿಯನ್ನು ಅಟ್ಟದ ಮೇಲಿಟ್ಟಳು. ಫೋಟೋವನ್ನು ಬಟ್ಟೆ ರಾಶಿಯ ಮೇಲೆ ಬೋರಲು ಹಾಕಿದಳು. ಮಿಷಿನ್ ಮತ್ತೆ ಕಟಕಟ ಎಂದಿತು.

“ನನ್ನ ಹತ್ರ ಹೇಳಿದ್ದಾಯ್ತು. ಅದು ಬೀರು ಕೆಳಗಿದೆ, ನೋಡು,” ಎಂದಳು, ತಲೆ ಎತ್ತದೆ.

ಬಟಾಣಿ ದಾರದ ಚೂರುಗಳ ನಡುವೆ ಬೋರಲು ಮಲಗಿದಳು. ಕತ್ತಲೊಳಗೆ ಹೊಳೆಯುತ್ತಿದ್ದದ್ದು ಎರಡು ಕಣ್ಣು ಮಾತ್ರ. ಅವು ಅಲ್ಲಾಡಲಿಲ್ಲ. ಅಜ್ಜಿ ದೀಪ ಹಾಕುವವರೆಗೂ ಅಲ್ಲಾಡಲಿಲ್ಲ.

ಮರುದಿನವೂ ಶಾಲೆ ಬಿಟ್ಟ ಮೇಲೆ ಬಂದು ಮಲಗಿದಳು. ಅಂದು ಒಂದು ಮೂಗು ಹೊರಗೆ ಬಂತು, ಒಳಗೆ ಹೋಯಿತು. ಮತ್ತೊಂದು ದಿನ ಹಾಗೇ ಮಲಗಿದ್ದಾಗ ಯಾರೋ ಪ್ಯಾಂಟು ತಂದವರು, “ಈ ಮಗುವಿಗೆ ಏನಾಗಿದೆ?” ಅಂತ ಕೇಳಿದರು.

“ಏನಿಲ್ಲ, ಮ್ಯಾನೇಜರನ್ನ ನೋಡೋಕೆ ಬಂದಿದಾಳೆ,” ಎಂದಳು ಅಜ್ಜಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.

ಅವರು ಹೋದ ಮೇಲೆ ಮ್ಯಾನೇಜರ್ ಮೈಮುರಿಯುತ್ತಾ ಹೊರಗೆ ಬಂತು. ಸುತ್ತಿ ಬಳಸಿ, ಅವಳನ್ನು ನೋಡೇ ಇಲ್ಲವೆಂಬಂತೆ, ಮುಖದ ಮುಂದೆ ಕೂತಿತು. ಮೀಸೆ ಮೂಗಿಗೆ ತಾಗಿ ಕಚಗುಳಿಯಾಯಿತು. ಬಟಾಣಿ ಸೀನು ತಡೆದುಕೊಂಡಳು.

ಅಷ್ಟು ಹತ್ತಿರದಿಂದ ಅದರ ಕಣ್ಣೊಳಗೆ ಬಾಗಿಲು ಕಾಣಿಸಿತು. ಬಾಗಿಲ ಬೆಳಕಿನಲ್ಲಿ ಒಬ್ಬ ಪುಟ್ಟ ಹುಡುಗಿ.

ಅವಳ ಎರಡೂ ಕೈ ನೆಲದ ಮೇಲಿದ್ದವು.